ಪ್ರತಿಭಾಳ ತಲೆನೋವು, ನಮ್ಮ ಸಂಘದ ಮಾತ್ರೆ ಡಬ್ಬಿ

ಎರಡು ಹೂ ಆ ಕಡೆ, ಎರಡು ಹೂ ಈ ಕಡೆ, ಮೇಲೊಂದು ಬಾಳೆನಾರಿನ ಸುತ್ತು. ಶುಕ್ರವಾರದ ವ್ಯಾಪಾರಕ್ಕೆ ಗುರುವಾರ ಮಧ್ಯಾಹ್ನವೇ ನಮ್ಮ ಕೈ ಓಡಬೇಕು. ಅಲ್ಲಾಳಸಂದ್ರದಲ್ಲಿ ಮುನಿಕೆಂಪಮ್ಮನ ಮನೆ ಪಕ್ಕ ಒಂದು ಶೀಟಿನ ಚಪ್ಪರ ಇದೆ. ಅದರ ಕೆಳಗೆ ನಮ್ಮ ಸಂಘದ ಹೆಂಗಸರೆಲ್ಲ ಕಾಲು ಚಾಚಿ ಕೂತು ಮಾರುಗಟ್ಟಲೆ ಹೂ ಕಟ್ಟುತ್ತಿದ್ದೆವು.

ಸುಗಂಧರಾಜದ ಮೂಟೆ ಬಿಚ್ಚಿದ್ದೇ ತಡ, ನನ್ನ ಪಕ್ಕದಲ್ಲಿದ್ದ ಪ್ರತಿಭಾಳ ಕೈ ನಿಂತುಬಿಟ್ಟಿತು.

"ಸೊಣ್ಣಜ್ಜಿ, ಮತ್ತ ಶುರುವಾತ್ರಿ," ಅಂದಳು ಮೆಲ್ಲಗೆ. "ಕಣ್ಣ ಮುಂದ ಗರಗಸದ ಹಲ್ಲು ಹೊಳದಂಗ ಆಗಾಕತ್ತೈತಿ."

ಪ್ರತಿಭಾ ಬಾದಾಮಿ ಕಡೆಯ ಹುಡುಗಿ. ಗಂಡ ಶಿವಪುತ್ರನಿಗೆ ದಾಸರಹಳ್ಳಿಯ ಆಚೆ ಒಂದು ಫ್ಯಾಕ್ಟರಿಯಲ್ಲಿ ಕೆಲಸ. ಮುನಿಕೆಂಪಮ್ಮನ ಹಿಂದಿನ ಮನೆಯಲ್ಲೇ ಬಾಡಿಗೆಗಿದ್ದಾರೆ. ಹೂ ಕಟ್ಟುವುದರಲ್ಲಿ ಅವಳ ಕೈಗೆ ಸಮ ಇಲ್ಲ. ಆದರೆ ಈ ತಲೆನೋವು ಬಂತೆಂದರೆ ಅವಳು ಮನುಷ್ಯಳೇ ಅಲ್ಲ. ತಲೆಯ ಒಂದೇ ಪಕ್ಕ ಸುತ್ತಿಗೆಯಲ್ಲಿ ಬಡಿದ ಹಾಗೆ ಮಿಡಿಯುತ್ತದೆ. ವಾಂತಿ ಬರುತ್ತದೆ. ಬೆಳಕು ಆಗದು, ಸದ್ದು ಆಗದು. ಪಾತ್ರೆ ಬಿದ್ದ ಸದ್ದಿಗೂ ಕಣ್ಣಲ್ಲಿ ನೀರು.

"ಬಂತು ನೋಡು!" ಅಂದಳು ಮುನಿಕೆಂಪಮ್ಮ. "ಊ ಕಟ್ಟೋ ಒತ್ತಿಗೆ ಸರ್ಯಾಗಿ ಬರ್ತದೆ ಇವಳ ತಲೆನೋವು. ಊಟದ್ ಒತ್ತಿಗೆ ಯಾವತ್ತಾರ ಬಂದದಾ?"

"ಊಟದ ಹೊತ್ತಿಗೂ ಬರ್ತೈತ್ರಿ," ಅಂದಳು ಪ್ರತಿಭಾ ಹಣೆ ಒತ್ತಿಕೊಳ್ಳುತ್ತ. "ಆವತ್ತ ನಾ ಉಂಡಿಲ್ಲ ಅನ್ನೂದು ನಿಮಗ ಕಾಣಂಗಿಲ್ಲ, ಅಷ್ಟ."

ಎಲ್ಲರೂ ನಕ್ಕೆವು. ಮುನಿಕೆಂಪಮ್ಮನೂ ನಕ್ಕಳು. ಅವಳ ಬಾಯಿ ಜೋರು, ಮನಸ್ಸು ಮೆತ್ತಗೆ. ಎದ್ದು ಹೋಗಿ ಗೂಡಿನಲ್ಲಿದ್ದ ತಗಡಿನ ಡಬ್ಬಿ ತಂದು, "ತಗೋ, ಒಂದು ನುಂಗು. ಇವತ್ತು ಜಾಸ್ತಿ ಇದ್ರೆ ಎರಡು ನುಂಗು," ಅಂದಳು.

ಈ ಡಬ್ಬಿಯ ವಿಷಯ ಹೇಳಲೇಬೇಕು. ಅದು ನಮ್ಮ ಸಂಘದ ಡಬ್ಬಿ. ಯಾರ ಮನೆಯಲ್ಲಿ ಮಾತ್ರೆ ಮಿಕ್ಕರೂ ಅದರೊಳಗೆ ತಂದು ಹಾಕುತ್ತಿದ್ದೆವು. ಹಲ್ಲುನೋವಿಗೆ ತಂದದ್ದು, ಸೊಂಟನೋವಿಗೆ ತಂದದ್ದು, ಯಾಕೆ ತಂದದ್ದೆಂದು ತಂದವರಿಗೇ ಮರೆತುಹೋದದ್ದು, ಎಲ್ಲ ಒಂದೇ ಡಬ್ಬಿಯಲ್ಲಿ. ಒಬ್ಬರ ಕಷ್ಟಕ್ಕೆ ಇನ್ನೊಬ್ಬರು ಆಗಬೇಕು ಅನ್ನೋ ಒಳ್ಳೆಯ ಮನಸ್ಸಿನಿಂದಲೇ ಇಟ್ಟಿದ್ದು. ಆಸ್ಪತ್ರೆಗೆ ಹೋಗಿ ಸಾಲಿನಲ್ಲಿ ನಿಲ್ಲೋದು ತಪ್ಪಿತಲ್ಲ ಅಂತ ಎಲ್ಲರಿಗೂ ಸಮಾಧಾನ. ಅದರಲ್ಲಿ ಹೆಚ್ಚು ಖರ್ಚಾಗುತ್ತಿದ್ದದ್ದು ಪ್ರತಿಭಾಳಿಗೆ. ಮೊದಮೊದಲು ತಿಂಗಳಿಗೊಮ್ಮೆ ಕೇಳುತ್ತಿದ್ದಳು. ಆಮೇಲೆ ವಾರಕ್ಕೊಮ್ಮೆ. ಈಗೀಗ ನೋವು ಬರೋ ಮುಂಚೆಯೇ, ಬಂದರೆ ಅಂತ ಹೆದರಿ ನುಂಗುತ್ತಿದ್ದಳು.

ಬೇರೆ ಮದ್ದು ಮಾಡಲಿಲ್ಲ ಅಂತಲ್ಲ. ದೃಷ್ಟಿ ತೆಗೆದೆವು. ಅರಿಶಿನದ ಕೊಂಬು ಸುಟ್ಟು ಹೊಗೆ ಕೊಟ್ಟೆವು, ಆ ಹೊಗೆಗೆ ನೋವು ಇನ್ನೂ ಏರಿತು. ಪಿತ್ತ ಅಂದರು ಒಬ್ಬರು, ಕನ್ನಡಕ ಬೇಕು ಅಂದರು ಇನ್ನೊಬ್ಬರು. ಕನ್ನಡಕವೂ ಬಂತು, ನೋವೂ ಉಳಿಯಿತು.

ಇದರಲ್ಲಿ ಪ್ರತಿಭಾ ಕಳೆದುಕೊಂಡಿದ್ದೇನು ಗೊತ್ತಾ? ಮಗಳನ್ನು.

ಗಾಬರಿ ಬೀಳಬೇಡಿ, ಮಗು ಚೆನ್ನಾಗಿದೆ. ಹೆಸರು ತೇಜಸ್ವಿನಿ, ಇನ್ನೂ ಶಾಲೆಗೆ ಸೇರದ ವಯಸ್ಸು. ಒಂದು ಬೆಳಗ್ಗೆ ಪ್ರತಿಭಾಳಿಗೆ ನೋವು ಎದ್ದು, ಒಲೆ ಮೇಲೆ ಹಾಲಿಟ್ಟು ಕತ್ತಲೆ ಕೋಣೆಯಲ್ಲಿ ಬಿದ್ದುಕೊಂಡಿದ್ದಳು. ಹಾಲು ಉಕ್ಕಿ ಸೀದು ಹೊಗೆ ಬಂದಾಗ ಮಗು ಹೆದರಿ, ನನ್ನನ್ನು ಕರೆಯಲು ಒಬ್ಬಳೇ ರಸ್ತೆ ದಾಟಿ ಬಂದುಬಿಟ್ಟಿತು. ನೀರಿನ ಟ್ಯಾಂಕರುಗಳು ಓಡಾಡುವ ರಸ್ತೆ. 

ಊರಿಂದ ಅವಳ ಅತ್ತೆ ನೀಲಕ್ಕ, ಮಾವ ಕಾಡಪ್ಪ ಬಂದರು. ಅವರೇನೂ ಕೆಟ್ಟವರಲ್ಲ. ಕೂಸನ್ನು ಎತ್ತಿಕೊಂಡು ಕಾಡಪ್ಪ ಹೇಳಿದ್ದಿಷ್ಟು: "ಫೋನಿನ್ಯಾಗ ನೀ ಯಾವಾಗಲೂ ಆರಾಮ ಅದೀನಿ ಅಂತಿ. ಆ ಮಾತು ನಾ ನಂಬಂಗಿಲ್ಲವ್ವಾ. ಪೂರ್ತಿ ಆರಾಮ ಆದ ದಿವಸ ನಿನ್ನ ಕೈಲೆ ಒಂದು ಕಾಗದಾ ಬರಿ. ಬರದದ್ದಕ್ಕ ತೂಕ ಇರತೈತಿ. ಕಾಗದಾ ಮುಟ್ಟಿದ ಮರುದಿನಾ ಕೂಸನ್ನ ನಾನ ಕರಕೊಂಡ ಬರ್ತೀನಿ."

ಮಗುವನ್ನು ಕರೆದುಕೊಂಡು ಅವರು ಬಸ್ಸು ಹತ್ತಿದ ದಿನವೇ ಪ್ರತಿಭಾ ಒಂದು ಇನ್‌ಲ್ಯಾಂಡ್ ಕಾಗದ ತಂದು ವಿಳಾಸ ಬರೆದಳು. ಒಳಗೆ "ನಾವು ಇಲ್ಲಿ" ಅಂತ ಬರೆದು ನಿಲ್ಲಿಸಿದಳು. ಕ್ಷೇಮ ಅಂತ ಬರೆಯಲು ಕೈ ಬರಲಿಲ್ಲ. ಅದನ್ನು ದೇವರ ಪಟದ ಹಿಂದೆ ಸಿಕ್ಕಿಸಿದಳು. ಯುಗಾದಿ ಹೋಯಿತು, ಗೌರಿಹಬ್ಬ ಹೋಯಿತು. ಕಾಗದ ಅಲ್ಲೇ ಇತ್ತು.

ಆ ಗುರುವಾರ ಅವಳು ಮಾತ್ರೆ ನುಂಗಿ ಗೋಡೆಗೆ ಒರಗಿದ್ದಾಗ ಆಶಾ ಕಾರ್ಯಕರ್ತೆ ವನಿತಾ ಬಂದಳು, ಪೋಲಿಯೋ ಹನಿಯ ದಿನ ಹೇಳಿ ಹೋಗಲು. ಪ್ರತಿಭಾಳನ್ನು ನೋಡಿ ಪಕ್ಕದಲ್ಲಿ ಕೂತಳು.

"ಏನಾಯ್ತು ಪ್ರತಿಭಾ? ಒಂದೇ ಪಕ್ಕ ನೋವಾ?"

"ಹೂಂ ರಿ."

"ಮುಂಚೆ ಕಣ್ಣಿಗೇನಾದ್ರೂ ಬೆಳಕು ಕಾಣ್ಸುತ್ತಾ? ವಾಂತಿ ಆಗುತ್ತಾ? ನಿಮ್ ಅಮ್ಮನ ಮನೆ ಕಡೆ ಯಾರಿಗಾದ್ರೂ ಇತ್ತಾ?"

"ನಮ್ಮವ್ವಗೂ ಇತ್ರಿ. ತಲಿಗೆ ಅರಿವಿ ಬಿಗದ ಕಟಗೊಂಡ ರೊಟ್ಟಿ ಬಡೀತಿದ್ದಳು."

"ಇದು ಮೈಗ್ರೇನ್ ಇರಬಹುದು ಕಣ್ರೀ. ಅರೆತಲೆನೋವು ಅಂತಾರಲ್ಲ, ಅದು. ಇರಬಹುದು ಅಂದೆ, ಹೌದೋ ಅಲ್ವೋ ಡಾಕ್ಟರೇ ನೋಡಿ ಹೇಳ್ಬೇಕು. ಇದಕ್ಕೆ ಚಿಕಿತ್ಸೆ ಇದೆ."

ಮುನಿಕೆಂಪಮ್ಮ ಬಿಡಬೇಕಲ್ಲ? "ನೋಡಮ್ಮ ವನಿತಾ, ತಲೆ ಇದ್ದೋರಿಗೆಲ್ಲ ತಲೆನೋವು ಇರ್ತದೆ. ನಾನು ನಾಕು ಮಕ್ಳ ಎತ್ತಿ, ಎಮ್ಮೆ ಮೇಯ್ಸಿ, ಈ ಮನೆ ಕಟ್ಸಿದೋಳು. ನಮ್ ಕಾಲ್ದಾಗೆ ಇಂಗೆಲ್ಲ ಎಸರೇ ಇರ್ಲಿಲ್ಲ."

"ಹೆಸರು ಇರ್ಲಿಲ್ಲ ಅಮ್ಮ, ನೋವು ಇತ್ತು. ಇವರ ಅಮ್ಮನಿಗೆ ಇರ್ಲಿಲ್ವಾ?"

"ಸರಿ, ಇರ್ಲಿ. ಮಾತ್ರೆ ಕೊಡ್ತಾ ಇದೀವಲ್ಲ?"

ವನಿತಾ ಡಬ್ಬಿಯ ಮುಚ್ಚಳ ತೆಗೆದು ನೋಡಿದಳು. ಒಂದೊಂದೇ ಪಟ್ಟಿ ಎತ್ತಿ ಬೆಳಕಿಗೆ ಹಿಡಿದಳು. "ಇದಕ್ಕೆ ತಾರೀಖು ಮುಗಿದಿದೆ. ಇದರ ಹೆಸರೇ ಹರಿದುಹೋಗಿದೆ. ಇದು ಬೇರೆ ಯಾವುದಕ್ಕೋ ಕೊಟ್ಟಿರೋದು. ಅಮ್ಮ, ಇದು ಔಷಧಿ ಡಬ್ಬಿ ಅಲ್ಲ, ಲಾಟರಿ ಡಬ್ಬಿ."

ಮುನಿಕೆಂಪಮ್ಮನ ಮುಖ ಸಪ್ಪಗಾಯಿತು. ವನಿತಾ ದನಿ ತಗ್ಗಿಸಿ ಹೇಳಿದಳು: "ನೀವು ಪ್ರೀತಿಯಿಂದಾನೇ ಕೊಟ್ಟಿದ್ದೀರಿ. ಆದ್ರೆ ನೋವಿನ ಮಾತ್ರೆ ಪದೇ ಪದೇ ನುಂಗಿದ್ರೆ ಆ ಮಾತ್ರೆಯಿಂದಾನೇ ತಲೆನೋವು ಬರೋಕೆ ಶುರುವಾಗುತ್ತೆ. ಪ್ರತಿಭಾ, ಮುಂದಿನ ವಾರ ಆಸ್ಪತ್ರೆಗೆ ಹೋಗೋಣ. ಅಲ್ಲೀವರೆಗೆ ಯಾವತ್ತು ನೋವು ಬಂತು, ಯಾವತ್ತು ಮಾತ್ರೆ ತಗೊಂಡ್ರಿ ಅಂತ ಗುರುತು ಇಟ್ಕೊಳ್ಳಿ. ಫೋನಲ್ಲೇ ಹಾಕ್ಕೋಬಹುದು."

"ನೋವು ಬಂದಾಗ ಫೋನಿನ ಬೆಳಕ ಆಗಂಗಿಲ್ಲಲ್ರಿ. ಪೆನ್ ಹಿಡಿಯಾಕೂ ಆಗಂಗಿಲ್ಲ."

ಆಗ ನನಗೆ ಒಂದು ಹೊಳೆಯಿತು. ರಾತ್ರಿ ಶಾಲೆಗೆ ಸೇರಿ ಅಕ್ಷರ ಕಲಿಯೋ ಮುಂಚೆ ನಾನು ಹಾಲಿನ ಲೆಕ್ಕವನ್ನು ದಾರದಲ್ಲಿ ಗಂಟು ಹಾಕಿ ಇಟ್ಟುಕೊಳ್ಳುತ್ತಿದ್ದೆ. ಹೂ ಕಟ್ಟುವವಳಿಗೆ ಗಂಟು ಹಾಕಲು ಕಣ್ಣು ಬೇಕಾ? ಒಂದು ಉದ್ದನೆಯ ಬಾಳೆನಾರು ಕೊಟ್ಟು ಹೇಳಿದೆ: "ದಿನಾ ಒಂದು ಗಂಟು ಹಾಕು. ನೋವು ಬಂದ ದಿನ ಎರಡು ಗಂಟು ಒಟ್ಟಿಗೆ. ಮಾತ್ರೆ ನುಂಗಿದ ದಿನ ಗಂಟಿನೊಳಗೆ ಒಂದು ಕೆಂಪು ದಾರ ಸೇರಿಸು. ಕತ್ತಲಲ್ಲೂ ಹಾಕಬಹುದು."

ಮುಂದಿನ ವಾರ ಅಂದದ್ದು ಮೂರು ವಾರವಾಯಿತು; ಆಸ್ಪತ್ರೆಗೆ ಶಿವಪುತ್ರ ರಜೆ ಹಾಕಿ ಬಂದ. ನಾನೂ ಜೊತೆಗೆ ಹೋದೆ. ಡಾಕ್ಟರ್ ನಂದಕುಮಾರ್ ಅಂತ, ನಿಧಾನಸ್ಥರು. ಆ ನಾರನ್ನು ಮೇಜಿನ ಮೇಲೆ ಹರಡಿ ಬೆರಳಲ್ಲಿ ಮುಟ್ಟುತ್ತ ಹೋದರು.

"ಏನಮ್ಮ ಇದು, ಕೆಂಪೇ ಜಾಸ್ತಿ ಇದೆಯಲ್ಲ! ನೋವಿಲ್ಲದ ದಿನಾನೂ ಮಾತ್ರೆ ತಗೊಂಡಿದ್ದೀರಾ?"

"ಬಂದೀತು ಅಂತ ಅಂಜಿ ತಗೋತಿದ್ನಿರಿ."

ಅವರು ಬಿ.ಪಿ. ನೋಡಿದರು. ಕಣ್ಣಿಗೆ ಬೆಳಕು ಬಿಟ್ಟು ನೋಡಿದರು. ಕೈ ಒತ್ತಿಸಿ, ನೇರ ನಡೆಸಿ ನೋಡಿದರು. ಇದು ಮೈಗ್ರೇನೇ, ಕಣ್ಣಿನ ಮುಂದೆ ಹೊಳೆಯುವುದೂ ಅದರದ್ದೇ ಗುರುತು, ಸದ್ಯಕ್ಕೆ ಸ್ಕ್ಯಾನ್ ಬೇಡ ಅಂದರು. ಮಾತ್ರೆ ಅತಿಯಾಗಿ ನೋವು ಇಮ್ಮಡಿಯಾಗಿದೆ ಅಂತಲೂ ಹೇಳಿದರು. ನನಗೆ ತಟ್ಟನೆ ಅರ್ಥವಾಯಿತು. ನಾರು ಸಡಿಲವಾದರೆ ಹೂ ಉದುರುತ್ತದೆ ನಿಜ. ಅತಿಯಾಗಿ ಬಿಗಿದರೆ ತೊಟ್ಟೇ ಕತ್ತರಿಸಿಹೋಗುತ್ತದೆ.

ಎರಡು ಥರದ ಮಾತ್ರೆ ಬರೆದುಕೊಟ್ಟರು. ಒಂದು ನೋವು ಬಾರದ ಹಾಗೆ ತಡೆಯುವುದು, ಅದನ್ನು ದಿನಾ ತಗೋಬೇಕು, ಗುಣ ಕಾಣಲು ವಾರಗಳೇ ಬೇಕು, ನಡುವೆ ಬಿಡಬಾರದು. ಇನ್ನೊಂದು ನೋವು ಎದ್ದ ಕೂಡಲೇ ತಗೊಳ್ಳುವುದು. ತಡ ಮಾಡಬಾರದು, ವಾರಕ್ಕೆ ಎರಡು ದಿನಕ್ಕಿಂತ ಹೆಚ್ಚು ಕೂಡದು. ಆಸ್ತಮಾ ಇದೆಯಾ, ಬಸುರಿಯಾ ಅಂತ ಕೇಳಿಯೇ ಬರೆದರು. ಹೊತ್ತಿಗೆ ಸರಿಯಾಗಿ ಊಟ, ನಿದ್ದೆ, ನೀರು. ಬಿಸಿಲಲ್ಲಿ ತಲೆಗೆ ಸೆರಗು. ಘಾಟು ವಾಸನೆಯಿಂದ ಸ್ವಲ್ಪ ದೂರ.

"ಶುಕ್ರವಾರ ಏನಮ್ಮ ವಿಶೇಷ? ಇವತ್ತಿಂದ ಹಿಂದಕ್ಕೆ ಎಣಿಸಿದ್ರೆ ಪ್ರತಿ ಶುಕ್ರವಾರ ಇಲ್ಲಿ ಎರಡು ಗಂಟಿದೆ?"

ಪ್ರತಿಭಾಳ ಬದಲು ನಾನೇ ಹೇಳಿದೆ. ಶುಕ್ರವಾರ ತಲೆಗೆ ಸ್ನಾನ. ಪೂಜೆ ಮುಗಿದು, ಹೂವಿನ ವ್ಯಾಪಾರ ಮುಗಿಯೋವರೆಗೂ ಹೊಟ್ಟೆಗೆ ಏನೂ ಇಲ್ಲ. ಹಿಂದಿನ ದಿನವೆಲ್ಲ ಸುಗಂಧರಾಜ, ಮರುಗ, ದವನದ ನಡುವೆ ಕೂತದ್ದು ಬೇರೆ.

"ದೇವರು ಉಪವಾಸ ಕೇಳಿದ್ನಾ? ಹಾಲು ಹಣ್ಣು ತಗೊಂಡು ಪೂಜೆ ಮಾಡಿ, ಬೇಡ ಅನ್ನಲ್ಲ," ಅಂದರು ಡಾಕ್ಟರು.

ಏಳುವಾಗ ಪ್ರತಿಭಾ ಕೇಳಿದಳು: "ಡಾಕ್ಟರೇ, ಪೂರ್ತಿ ಹೋಗತೈತಲ್ರಿ?"

"ಬೇರುಸಮೇತ ಹೋಗುತ್ತೆ ಅಂದ್ರೆ ಸುಳ್ಳು ಹೇಳಿದ ಹಾಗಾಗುತ್ತೆ. ಕಮ್ಮಿ ಆಗುತ್ತೆ. ಬಂದ್ರೂ ನಿಮ್ಮ ಹಿಡಿತದಲ್ಲಿರುತ್ತೆ."

 ಬಸ್ಸು ಇಳಿದ ಮೇಲೆ ಪ್ರತಿಭಾ ಅಂದಳು: "ಪೂರ್ತಿ ಆರಾಮ ಆದ ದಿವಸ ಅಂದಿದ್ರು ಮಾವಾರು. ಆ ದಿವಸ ಬರೂದ ಇಲ್ಲಂತ ಈಗ ಗೊತ್ತಾತು ನೋಡ್ರಿ."

ಶಿವಪುತ್ರ ಅವಳ ಚೀಲ ಇಸಕೊಂಡ.

ಹಳೆಯ ಮಾತ್ರೆ ನಿಲ್ಲಿಸಿದ ಮೊದಲ ದಿನಗಳು ಕಷ್ಟದವು. ನೋವು ಕಮ್ಮಿಯಾಗುವ ಮೊದಲು ಹೆಚ್ಚಾಗಬಹುದು ಅಂತ ಡಾಕ್ಟರು ಮೊದಲೇ ಎಚ್ಚರಿಸಿದ್ದರು. ಒಂದು ಮಧ್ಯಾಹ್ನ ನಾನು ಗಂಜಿ ತಗೊಂಡು ಹೋದಾಗ ಮುನಿಕೆಂಪಮ್ಮ ಅಲ್ಲೇ ಕೂತಿದ್ದಳು. ಪ್ರತಿಭಾ ಅವಳ ಸೆರಗು ಹಿಡಿದು ಬೇಡುತ್ತಿದ್ದಳು. "ಒಂದ ಕೊಡ್ರಿ ಅಮ್ಮಾ. ಇದೊಂದ ಸಲ. ನಿಮ್ಮ ಕಾಲಿಗೆ ಬೀಳ್ತೀನಿ."

ಮಾತಾಡುತ್ತಲೇ ವಾಂತಿ ಬಂತು. ಮುನಿಕೆಂಪಮ್ಮ ಅವಳ ಹಣೆ ಹಿಡಿದುಕೊಂಡಳು. ಆ ಹಣೆಯ ನರ ಅವಳ ಅಂಗೈಯಲ್ಲಿ ಹೊಡೆದುಕೊಳ್ಳುತ್ತಿತ್ತಂತೆ. ನನ್ನ ಕಡೆ ತಿರುಗಿದಾಗ ಅವಳ ಕಣ್ಣು ತುಂಬಿತ್ತು.

"ಸೊಣ್ಣಿ, ಇದು ನಾಟ್ಕ ಅಲ್ಲ ಕಣೇ. ಕರು ಆಕೋ ಎಮ್ಮೆ ಇಂಗೆ ನಡುಗೋದ ನೋಡಿವ್ನಿ, ಮನ್ಸರು ನಡುಗೋದ ನೋಡಿರ್ಲಿಲ್ಲ." ಆಮೇಲೆ ಪ್ರತಿಭಾಳ ಬೆನ್ನು ಸವರಿ, "ಡಬ್ಬಿ ಕೇಳ್ಬ್ಯಾಡ ಮಗಾ. ಕೊಡಾಕಿಲ್ಲ. ನಾನಿಲ್ಲೇ ಕುಂತಿರ್ತೀನಿ, ಓಗಾಕಿಲ್ಲ," ಅಂದಳು.

ಸಂಜೆಯವರೆಗೂ ಕದಲಲಿಲ್ಲ. ಕಿಟಕಿಗೆ ತನ್ನ ಹಳೆಯ ಕಂಬಳಿ ಕಟ್ಟಿದಳು. ಕುಕ್ಕರಿನ ವಿಷಲ್ ಕೂಡದು ಅಂತ ಪಕ್ಕದ ಮನೆಯವರನ್ನು ಗದರಿಸಿದಳು.

ಮುಂದಿನ ಗುರುವಾರ ಚಪ್ಪರಕ್ಕೆ ಹೋದರೆ ಅದೇ ತಗಡಿನ ಡಬ್ಬಿ ನಡುವೆ ಇತ್ತು. ನಮಗೆಲ್ಲ ಗಾಬರಿ. ಮುಚ್ಚಳ ತೆಗೆದರೆ ಹುರಿಗಡಲೆ, ಬೆಲ್ಲ! ಮಾತ್ರೆಗಳನ್ನೆಲ್ಲ ವನಿತಾಳ ಕೈಗೆ ಒಪ್ಪಿಸಿಬಿಟ್ಟಿದ್ದಳು.

"ಅಸ್ಕೊಂಡು ಊ ಕಟ್ಟಿದ್ರೆ ಕೈ ಮುರೀತೀನಿ," ಅಂದಳು ಮುನಿಕೆಂಪಮ್ಮ. "ಕನಕಾಂಬರ ಎಲ್ಲ ಪ್ರತಿಭಾಗೆ ಬಿಡಿ, ಅದಕ್ಕೆ ವಾಸನೆ ಇಲ್ಲ. ಅವಳು ಆ ಗಾಳಿ ಬರೋ ಕಡೆ ಕುಂತ್ಕೊಳ್ಳಿ. ಸುಗಂಧರಾಜ ನಮಗಿರ್ಲಿ, ನಮಗೆ ಮೂಗು ಸತ್ತು ಎಷ್ಟೋ ಕಾಲ ಆಯ್ತು."

ಶಿವಪುತ್ರನೂ ಬದಲಾದ. ಮೊದಲು "ಸ್ವಲ್ಪ ಮಲಗು, ಹೋಗ್ತೈತಿ" ಅನ್ನುತ್ತಿದ್ದವನು ಈಗ ಟಿ.ವಿ. ಆರಿಸಿ, ಅನ್ನ ಸಾರು ತಾನೇ ಮಾಡುವುದು ಕಲಿತ. ಸಾರು ಹೇಗಿತ್ತು ಅಂತ ಕೇಳಬೇಡಿ. "ತಲಿನೋವು ತಾಳಬಹುದು, ಈ ಸಾರು ತಾಳಾಕ ಆಗಂಗಿಲ್ರಿ," ಅಂತ ಅವಳೇ ನಗುತ್ತಿದ್ದಳು. ಅವಳ ನಗು ಕೇಳಿ ಎಷ್ಟು ಕಾಲವಾಗಿತ್ತು!

ಆಸ್ಪತ್ರೆಗೆ ತಪ್ಪದೆ ಹೋದರು. ಒಂದು ಸಲ ಮಾತ್ರೆಯಿಂದ ನಿದ್ದೆಮಂಪರು ಅಂದಾಗ ಡಾಕ್ಟರು ಪ್ರಮಾಣ ಬದಲಿಸಿದರು. ಗೋಡೆಯ ಮೊಳೆಗೆ ತೂಗುಹಾಕಿದ್ದ ನಾರಿನಲ್ಲಿ ಜೋಡಿ ಗಂಟು ಕಮ್ಮಿಯಾಗುತ್ತ ಬಂತು. ಕೆಂಪು ದಾರ ಅಲ್ಲೊಂದು ಇಲ್ಲೊಂದು.

ಮೊನ್ನೆ ಸಂಕ್ರಾಂತಿಯ ಹಿಂದಿನ ದಿನ ಅವಳು ನಮ್ಮ ಮನೆಗೆ ಬಂದಳು. ಮುಖ ಸ್ವಲ್ಪ ಬಾಡಿತ್ತು.

"ಮುಂಜಾನೆ ಬಂದಿತ್ರಿ ಅಜ್ಜಿ. ಮನ್ಯಾಗ ನಾ ಒಬ್ಬಾಕೀನ ಇದ್ದೆ. ಗರಗಸ ಕಾಣೂದ ತಡಾ, ಮೊದಲ ಒಲಿ ಆರಿಸಿದೆ. ಮಾತ್ರಿ ತಗೊಂಡೆ. ಮುನಿಕೆಂಪಮ್ಮಾರಿಗೆ ಒಂದು ಕೂಗು ಹಾಕಿ ಮಕ್ಕೊಂಡೆ. ಮಧ್ಯಾಹ್ನಕ್ಕ ಎದ್ದು ರೊಟ್ಟಿ ಬಡದೆ."

"ಹಾಗಾದ್ರೆ ಕಾಗದ ಬರಿ," ಅಂದೆ ನಾನು.

ಅವಳು ತಲೆ ತಗ್ಗಿಸಿದಳು. "ಇವತ್ತ ಬಂದೈತಿ ಅಂತ ಹೇಳಾಕತ್ತೀನಿ, ನೀವು ಕಾಗದಾ ಬರಿ ಅಂತೀರಿ. ಕ್ಷೇಮ ಅಂತ ಸುಳ್ಳ ಹೆಂಗ ಬರೀಲಿ?"

"ಸುಳ್ಳು ಯಾಕೆ ಬರೀತಿ? ನಿಮ್ಮ ಮಾವನಿಗೆ ಭಯ ಇರೋದು ನೋವಿನ ಮೇಲಲ್ಲ ಕಣಮ್ಮ. ನೋವು ಬಂದಾಗ ಮಗು ಒಂಟಿಯಾಗುತ್ತೆ ಅನ್ನೋದರ ಮೇಲೆ. ಅದಕ್ಕೆ ಉತ್ತರ ಇದೆಯಲ್ಲ ನಿನ್ನ ಹತ್ರ? ಇವತ್ತು ನೀನು ಮಾಡಿದ್ದೇ ಉತ್ತರ."

 ಅವಳು ಮನೆಗೆ ಹೋಗಿ ಪಟದ ಹಿಂದಿನ ಕಾಗದ ತಂದಳು. ಧೂಳು ಒರೆಸಿ, ನನ್ನ ಬಾಗಿಲಲ್ಲೇ ಕೂತು ಬರೆದಳು. ಬರೆದು ನನಗೆ ಓದಿ ಹೇಳಿದಳು:

"ನಾವು ಇಲ್ಲಿ ಕ್ಷೇಮ. ನನ್ನ ತಲೆನೋವು ಪೂರ್ತಿ ಹೋಗಿಲ್ಲ, ಪೂರ್ತಿ ಹೋಗುವುದೂ ಇಲ್ಲ ಅಂತ ಡಾಕ್ಟರು ಹೇಳಿದ್ದಾರೆ. ಆದರೆ ಈಗ ಕಡಿಮೆ ಬರುತ್ತದೆ. ಬಂದರೆ ಏನು ಮಾಡಬೇಕು ಅಂತ ನನಗೂ ಗೊತ್ತು, ನಿಮ್ಮ ಮಗನಿಗೂ ಗೊತ್ತು. ಆ ಹೊತ್ತಿಗೆ ತೇಜಸ್ವಿನಿಯನ್ನು ಮುನಿಕೆಂಪಮ್ಮನವರು ನೋಡಿಕೊಳ್ಳುತ್ತಾರೆ, ಅವರು ಇಲ್ಲದಿದ್ದರೆ ಸೊಣ್ಣಜ್ಜಿ. ಇಬ್ಬರ ಫೋನ್ ನಂಬರು ಕೆಳಗೆ ಬರೆದಿದ್ದೇನೆ, ಬೇಕಾದರೆ ಕೇಳಿ. ಮುಂದಿನ ಜೂನ್‌ಗೆ ಅವಳನ್ನು ಶಾಲೆಗೆ ಸೇರಿಸಬೇಕು. ನೀವು ಬಂದು ನಾಲ್ಕು ದಿನ ಇದ್ದು ನೋಡಿ, ಆಮೇಲೆ ಬಿಟ್ಟು ಹೋಗಿ. ಆರಾಮ ಇದ್ದೇನೆ ಅಂತ ಇನ್ನು ಫೋನಿನಲ್ಲಿ ಸುಳ್ಳು ಹೇಳುವುದಿಲ್ಲ."

ಅಷ್ಟರಲ್ಲಿ ಅಲ್ಲಿಗೆ ಬಂದಿದ್ದ ಮುನಿಕೆಂಪಮ್ಮ ಕೇಳಿಸಿಕೊಂಡು, "ನನ್ ಎಸರು ಮೊದ್ಲು ಬರ್ದಿದೀಯ ತಾನೆ?" ಅಂತ ಖಾತ್ರಿ ಮಾಡಿಕೊಂಡಳು.

ಅಕ್ಕತಂಗಿಯರೇ, ಅಣ್ಣತಮ್ಮಂದಿರೇ, ಕಾಗದ ಅಂಚೆ ಡಬ್ಬಿಗೆ ಬೀಳೋ ಮುಂಚೆ ನಿಮಗೆ ನಾಲ್ಕು ಮಾತು. ನಿಮ್ಮ ಮನೆಯಲ್ಲೂ ಕತ್ತಲೆ ಕೋಣೆಯಲ್ಲಿ ತಲೆ ಹಿಡಿದು ಮಲಗುವವರು ಇರಬಹುದು. ನಾಟಕ ಅನ್ನಬೇಡಿ, ಸೋಮಾರಿ ಅನ್ನಬೇಡಿ. ಹತ್ತಿರದ ಸರ್ಕಾರಿ ಆಸ್ಪತ್ರೆಗೆ ಕರೆದುಕೊಂಡು ಹೋಗಿ. ಒಬ್ಬರ ಮಾತ್ರೆ ಇನ್ನೊಬ್ಬರಿಗೆ ಕೊಡಬೇಡಿ. ಅಂಗಡಿಯಿಂದ ತಂದ ನೋವಿನ ಮಾತ್ರೆಯನ್ನೇ ದಿನಾ ನುಂಗಬೇಡಿ. ನೋವು ಬಂದ ದಿನದ ಗುರುತು ಇಟ್ಟುಕೊಳ್ಳಿ, ಬರೆದಾದರೂ ಸರಿ, ಗಂಟು ಹಾಕಿಯಾದರೂ ಸರಿ.

ಇನ್ನೊಂದು ಎಚ್ಚರ. ಎಂದೂ ಇಲ್ಲದ ಭಾರೀ ತಲೆನೋವು ಸಿಡಿಲಿನ ಹಾಗೆ ಹೊಡೆದರೆ, ಜ್ವರದ ಜೊತೆ ಕುತ್ತಿಗೆ ಬಿಗಿದರೆ, ಕೈಕಾಲು ಸೋತರೆ, ಮಾತು ತೊದಲಿದರೆ, ಫಿಟ್ಸ್ ಬಂದರೆ, ತಲೆಗೆ ಏಟು ಬಿದ್ದ ಮೇಲೆ ನೋವು ಶುರುವಾದರೆ ಮೈಗ್ರೇನ್ ಇರಬೇಕು ಅಂತ ಕಾಯುತ್ತ ಕೂರಬೇಡಿ. ತಕ್ಷಣ 108ಕ್ಕೆ ಫೋನ್ ಮಾಡಿ. ಬಸುರಿಯರಿಗೆ, ಐವತ್ತು ದಾಟಿದವರಿಗೆ ಹೊಸದಾಗಿ ಶುರುವಾದ ತಲೆನೋವನ್ನೂ ಬೇಗ ತೋರಿಸಿ.

ಪೂರ್ತಿ ವಾಸಿಯಾದ ಮೇಲೆ ಬದುಕೋಣ ಅಂತ ಕಾಯಬೇಡಿ. ನೋವು ಹಿಡಿತಕ್ಕೆ ಬಂದರೆ ಸಾಕು, ಬದುಕು ತಾನಾಗಿ ಮನೆಗೆ ಬರುತ್ತದೆ.

ಸಂಕ್ರಾಂತಿಯ ಮಾರನೆಯ ಬೆಳಗ್ಗೆ ನಾವು ಮೂವರೂ ಯಲಹಂಕದ ಅಂಚೆ ಕಚೇರಿಗೆ ಹೋದೆವು. ಎಳ್ಳುಬೆಲ್ಲ ತಿಂದು, ತಲೆಗೆ ಸೆರಗು ಹೊದ್ದು, ನೀರಿನ ಬಾಟಲಿ ಹಿಡಿದು. ಕೆಂಪು ಡಬ್ಬಿಯ ಮುಂದೆ ಪ್ರತಿಭಾ ಕಾಗದವನ್ನು ಅರ್ಧ ತೂರಿಸಿ ಅಲ್ಲೇ ಹಿಡಿದುಕೊಂಡು ನಿಂತಳು. ನಾವು ಅವಸರ ಮಾಡಲಿಲ್ಲ.

"ಬಿತ್ತಾ?" ಅಂತ ಕೇಳಿದಳು ಮುನಿಕೆಂಪಮ್ಮ, ಸ್ವಲ್ಪ ಹೊತ್ತಾದ ಮೇಲೆ.

ಪ್ರತಿಭಾ ತಿರುಗಿ ತನ್ನ ಖಾಲಿ ಕೈ ತೋರಿಸಿದಳು.